ಸೀಟು ಸಿಗುವ ಮೊದಲೇ ಎಷ್ಟು ನೆರವು ಸಿಗುತ್ತೆ ಅಂತ ಲೆಕ್ಕ ಹಾಕೋದು ಹೇಗೆ?

ಕಡೂರು ಕಿರಾಣಿ | ಜೂನ್ 8, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ಮಗಳು ಪಿಯುಸಿಯಲ್ಲಿ 564 ತೆಗೆದಿದ್ದಾಳೆ. ಸಿಇಟಿ ಎಂಜಿನಿಯರಿಂಗ್ ರ್‍ಯಾಂಕ್ 21 ಸಾವಿರದ ಆಸುಪಾಸು. ಎಲೆಕ್ಟ್ರಾನಿಕ್ಸ್ ಅಥವಾ ಇನ್‌ಫರ್ಮೇಷನ್ ಸೈನ್ಸ್ ಬೇಕು ಅಂತಾಳೆ. ಹಾಸನ, ತುಮಕೂರು, ಮೈಸೂರು ಕಡೆ ನೋಡುತ್ತಿದ್ದೇವೆ. ಒಂದು ಕಾಲೇಜಿನಲ್ಲಿ ವಿಚಾರಿಸಿದೆ. ಸರ್ಕಾರಿ ಕೋಟಾ ಸೀಟಿಗೆ ಎಲ್ಲ ಸೇರಿ ವರ್ಷಕ್ಕೆ ಲಕ್ಷದ ಹತ್ತಿರ, ಹಾಸ್ಟೆಲ್ ಊಟ ಸೇರಿ 85 ಸಾವಿರ ಅಂದರು. ಅಂದರೆ ವರ್ಷಕ್ಕೆ 1.85 ಲಕ್ಷ. ನನ್ನ ಕೈಯಲ್ಲಿರುವುದು ತಿಂಗಳು ತಿಂಗಳು ಕಟ್ಟಿದ ಆರ್‌ಡಿಯ 1.2 ಲಕ್ಷ.

ನನ್ನದು ಚಿಕ್ಕ ದಿನಸಿ ಅಂಗಡಿ. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್. ನಾವು 3ಎ. ಸ್ಕಾಲರ್‌ಶಿಪ್ ಸಿಗುತ್ತೆ ಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಯಾವುದು, ಎಷ್ಟು, ಯಾವಾಗ ಅಂತ ಕೇಳಿದರೆ ಯಾರೂ ಹೇಳಲ್ಲ. ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ಹಾಕುವ ಆಪ್ಷನ್ ಎಂಟ್ರಿ ಮಾಡುವ ಮೊದಲು ನನಗೊಂದು ಅಂದಾಜು ಬೇಕು. ಯಾವ ಕಾಲೇಜಿನವರೆಗೆ ಕೈ ಚಾಚಬಹುದು ಅಂತ ಗೊತ್ತಾಗಬೇಕಲ್ಲ. ಹೀಗೆ ಲೆಕ್ಕ ಹಾಕಿದವರು ಇದ್ದರೆ ದಯವಿಟ್ಟು ಹೇಳಿ.

ಸುಮ್ನೆ ಕೇಳ್ದೆ | ಜೂನ್ 8, ರಾತ್ರಿ 11:02

ಅಣ್ಣ, ಇನ್‌ಕಮ್ ಸರ್ಟಿಫಿಕೇಟ್ ಎಷ್ಟಕ್ಕಿದೆ? ಅದು ಗೊತ್ತಾದರೆ ಅರ್ಧ ಲೆಕ್ಕ ಮುಗೀತು.

ಕಡೂರು ಕಿರಾಣಿ | ಜೂನ್ 8, ರಾತ್ರಿ 11:10

ಅದೇ ತಲೆನೋವು. ಮಗಳು ಹೈಸ್ಕೂಲಿನಲ್ಲಿದ್ದಾಗ ನಾಡಕಚೇರಿಯಲ್ಲಿ ಜಾತಿ-ಆದಾಯ ಮಾಡಿಸಿದ್ದೆ. ಅದರಲ್ಲಿ 80 ಸಾವಿರ ಅಂತಿದೆ. ಆಗ ಅಂಗಡಿ ಇನ್ನೂ ಕಣ್ಣು ಬಿಡುತ್ತಿತ್ತು, ಹೆಂಡತಿ ಕೆಲಸಕ್ಕೆ ಹೋಗುತ್ತಿರಲಿಲ್ಲ. ಐದು ವರ್ಷ ಇನ್ನೂ ತುಂಬಿಲ್ಲ, ಹಾಗಾಗಿ ಕಾಗದ ಈಗಲೂ ಚಾಲ್ತಿಯಲ್ಲಿದೆ. ಆದರೆ ಹೋದ ವರ್ಷ ಅಂಗಡಿ ಸಾಲಕ್ಕೆ ಅಂತ ಐಟಿ ರಿಟರ್ನ್ ಹಾಕಿದೆ, 2.9 ಲಕ್ಷ ತೋರಿಸಿದೆ. ಹೆಂಡತಿಗೆ ತಿಂಗಳಿಗೆ 11 ಸಾವಿರ. ಎರಡೂ ಸೇರಿದರೆ 4.22 ಲಕ್ಷ. ಇದರ ಮೇಲೆ ಅಪ್ಪನ ಹೆಸರಿನಲ್ಲಿ ಎರಡು ಎಕರೆ ತೆಂಗಿನ ತೋಟ ಇದೆ. ಅದನ್ನು ಸೇರಿಸಬೇಕೋ ಬೇಡವೋ ಅಂತಲೂ ಗೊತ್ತಿಲ್ಲ.

ಸುಮ್ನೆ ಕೇಳ್ದೆ | ಜೂನ್ 8, ರಾತ್ರಿ 11:13

80 ಸಾವಿರದ್ದು ಚಾಲ್ತಿಯಲ್ಲಿದೆ ಅಂದಮೇಲೆ ಅದನ್ನೇ ಹಾಕಿ. ಯಾರು ಕೇಳ್ತಾರೆ? ಊರಲ್ಲಿ ಕಾರು ಇಟ್ಟವರೇ ನಲವತ್ತು ಸಾವಿರದ್ದು ಇಟ್ಟುಕೊಂಡು ಓಡಾಡುತ್ತಾರೆ.

ಅರಸೀಕೆರೆ ಟೀಚರ್ | ಜೂನ್ 9, ಬೆಳಿಗ್ಗೆ 6:50

ಕಡೂರಿನವರೇ, ಮೊದಲು ಮಗಳಿಗೆ ಅಭಿನಂದನೆ ಹೇಳಿ. ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪ್ರತಿ ವರ್ಷ ಜೂನ್ ಬಂದರೆ ಇದೇ ಪ್ರಶ್ನೆ ಹಿಡಿದುಕೊಂಡು ಅಪ್ಪ ಅಮ್ಮಂದಿರು ಬರುತ್ತಾರೆ.

ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ಸೀಟಿನ ಮೀಸಲಾತಿ ಬೇರೆ, ದುಡ್ಡಿನ ನೆರವು ಬೇರೆ. ಗ್ರಾಮೀಣ ಕೋಟಾ ಇದೆ, ಕನ್ನಡ ಮಾಧ್ಯಮ ಕೋಟಾ ಇದೆ, ಅದಕ್ಕೇ ಫೀಸು ಕಮ್ಮಿ ಆಗುತ್ತೆ ಅಂತ ಎಷ್ಟೋ ಜನ ತಿಳಿದಿರುತ್ತಾರೆ. ಆಗಲ್ಲ. ಒಂದರಿಂದ ಹತ್ತನೇ ತರಗತಿ ಹಳ್ಳಿಯಲ್ಲಿ ಅಥವಾ ಕನ್ನಡದಲ್ಲಿ ಓದಿದ್ದಕ್ಕೆ ಸೀಟು ಸಿಗುವುದು ಸುಲಭ ಆಗುತ್ತದೆ ಅಷ್ಟೇ. ಚಲನ್‌ನಲ್ಲಿ ಒಂದು ರೂಪಾಯಿ ಕಮ್ಮಿ ಇರುವುದಿಲ್ಲ.

ಸೀಟು ಮತ್ತು ದುಡ್ಡು ಎರಡೂ ಒಟ್ಟಿಗೆ ಬರುವುದು ಸೂಪರ್‌ನ್ಯೂಮರರಿ ಕೋಟಾ, ಅಂದರೆ ಎಸ್‌ಎನ್‌ಕ್ಯೂನಲ್ಲಿ ಮಾತ್ರ. ಮಂಜೂರಾದ ಸೀಟಿನ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟು. ಕುಟುಂಬದ ಆದಾಯ 8 ಲಕ್ಷದ ಒಳಗಿರಬೇಕು. ಆ ಸೀಟಿನಲ್ಲಿ ಬೋಧನಾ ಶುಲ್ಕ ಪೂರ್ತಿ ಮಾಫಿ, ಯೂನಿವರ್ಸಿಟಿ ಶುಲ್ಕ ಮತ್ತೆ ಇತರೆ ಶುಲ್ಕ ಮಾತ್ರ ಕಟ್ಟಬೇಕು. ಕೇಳುವುದಕ್ಕೆ ಚೆನ್ನಾಗಿದೆ ಅಲ್ವಾ? ಆದರೆ ಲೆಕ್ಕ ನೋಡಿ. 60 ಸೀಟಿನ ಬ್ರಾಂಚಿಗೆ ಶೇ 5 ಅಂದರೆ ಮೂರು ಸೀಟು. 120ಕ್ಕೆ ಆರು. 8 ಲಕ್ಷದ ಒಳಗಿನವರು ಅಂದರೆ ನಮ್ಮ ಕಡೆ ಮುಕ್ಕಾಲು ಊರೇ ಬಂತು. ಆ ಮೂರು ಸೀಟು ರ್‍ಯಾಂಕ್ ಮೇಲೆ ಹೋಗುತ್ತವೆ. ಅರ್ಹತೆ ಇದೆ ಅನ್ನುವುದಕ್ಕೂ ಸಿಗುತ್ತದೆ ಅನ್ನುವುದಕ್ಕೂ ಅಷ್ಟು ದೂರ ಇದೆ.

ಮತ್ತೆ ಒಂದು ಮಾತು. ಎಸ್‌ಎನ್‌ಕ್ಯೂನಲ್ಲಿ ಸೇರಿದರೆ ಆಮೇಲೆ ಕಾಲೇಜು, ಬ್ರಾಂಚ್ ಬದಲಾಯಿಸಲು ಬಿಡುವುದಿಲ್ಲ. ಸಿಇಟಿ ಅರ್ಜಿ ತುಂಬುವಾಗ ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಹಾಕಿದ್ದೀರಾ, ಎಸ್‌ಎನ್‌ಕ್ಯೂಗೆ ಅರ್ಹರು ಅಂತ ತೋರಿಸುತ್ತಿದೆಯಾ, ಈಗಲೇ ತೆಗೆದು ನೋಡಿ.

ಕಡೂರು ಕಿರಾಣಿ | ಜೂನ್ 9, ಬೆಳಿಗ್ಗೆ 7:30

ಧನ್ಯವಾದ ಮೇಡಂ. ನೋಡಿದೆ. ಆರ್‌ಡಿ ಸಂಖ್ಯೆ ಇದೆ, ಎಸ್‌ಎನ್‌ಕ್ಯೂ ಅಂತ ತೋರಿಸುತ್ತಿದೆ. ಆದರೆ ಅದು ಹಳೇ 80 ಸಾವಿರದ ಆರ್‌ಡಿ.

ರಿಟೈರ್ಡ್ ಮ್ಯಾನೇಜರ್ | ಜೂನ್ 9, ಬೆಳಿಗ್ಗೆ 9:15

ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತವನ ಮಾತು ಕೇಳಿ. ಆ 80 ಸಾವಿರದ ಕಾಗದ ಕೊಟ್ಟಾಗ ಸುಳ್ಳಾಗಿರಲಿಲ್ಲ. ಈಗ ಅದನ್ನು ಫೀಸು ರಿಯಾಯಿತಿಗೆ ಬಳಸಿದರೆ ಸುಳ್ಳಾಗುತ್ತದೆ. ಇನ್ನೊಂದು ಕಡೆಯಿಂದಲೂ ಯೋಚನೆ ಮಾಡಿ. ವರ್ಷಕ್ಕೆ 1.85 ಲಕ್ಷ ಅಂದರೆ ನೀವು ಇವತ್ತಲ್ಲ ನಾಳೆ ಶಿಕ್ಷಣ ಸಾಲಕ್ಕೆ ಬರಲೇಬೇಕು. ಆಗ ಸಹಸಾಲಗಾರನ ಐಟಿ ರಿಟರ್ನ್ ಕೇಳುತ್ತಾರೆ. ಒಂದೇ ಫೈಲಿನಲ್ಲಿ ಒಂದು ಕಾಗದ 80 ಸಾವಿರ ಅನ್ನುತ್ತೆ, ಇನ್ನೊಂದು 2.9 ಲಕ್ಷ ಅನ್ನುತ್ತೆ. ಕೂತವನು ಯಾವುದನ್ನು ನಂಬಬೇಕು? ನಾನಾಗಿದ್ದರೆ ಎರಡನ್ನೂ ನಂಬುತ್ತಿರಲಿಲ್ಲ.

ಹೊಸದು ಮಾಡಿಸಿ. ನಿಜವಾದ ಮೊತ್ತಕ್ಕೇ ಮಾಡಿಸಿ. 4.22 ಲಕ್ಷ ಅಂದರೆ ನೀವು ಕೆಟ್ಟ ಜಾಗದಲ್ಲಿ ಏನೂ ಇಲ್ಲ. ಯಾಕೆ ಅಂತ ಸಂಜೆ ಬರೆಯುತ್ತೇನೆ, ಈಗ ಮೊಮ್ಮಗನನ್ನು ಶಾಲೆಗೆ ಬಿಡಬೇಕು.

ಅಲೆದು ಸಾಕಾದವ | ಜೂನ್ 9, ಮಧ್ಯಾಹ್ನ 1:20

ನಾನೂ 3ಎ. ಮಗ 2022ರಲ್ಲಿ ಬಿಇ ಸೇರಿದ. ಹಿಂದುಳಿದ ವರ್ಗಗಳ ಇಲಾಖೆಯ ಶುಲ್ಕ ರಿಯಾಯಿತಿಗೆ ಆ ವರ್ಷ ನಮ್ಮ ಪ್ರವರ್ಗಕ್ಕೆ ಆದಾಯ ಮಿತಿ ಒಂದು ಲಕ್ಷ ಇತ್ತು. ಪ್ರವರ್ಗ-1ಕ್ಕೆ ಎರಡೂವರೆ ಲಕ್ಷ. ನಮ್ಮದು 1.6 ಲಕ್ಷ. ಅಲ್ಲಿಗೆ ಆ ಬಾಗಿಲು ಮುಚ್ಚಿತು. ಈ ವರ್ಷದ ಸುತ್ತೋಲೆ ಬಂದ ಮೇಲೆ ಮಿತಿ ಬದಲಾಗಿದೆಯಾ ಅಂತ ನೋಡಿಕೊಳ್ಳಿ, ಆದರೆ 4.22ಕ್ಕೆ ಅದನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ.

ಇನ್ನು ವಿದ್ಯಾಸಿರಿ. ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ-ವಸತಿಗೆ ಅಂತ ಆಗ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಕೊಡುತ್ತಿದ್ದರು, ವರ್ಷಕ್ಕೆ 15 ಸಾವಿರ. ಅದಕ್ಕೂ ಆದಾಯ ಮಿತಿ ಇದೆ. ನಮಗೆ ಬರಲಿಲ್ಲ.

ಮೂರನೆಯದು ರೈತ ವಿದ್ಯಾನಿಧಿ. ತೋಟ ಇದೆ ಅಂದಿರಲ್ಲ, ಅದಕ್ಕೇ ಹೇಳುತ್ತಿದ್ದೇನೆ. 2021ರಲ್ಲಿ ಶುರು ಮಾಡಿದಾಗ ಬಿಇ ಓದುವ ಹುಡುಗರಿಗೆ 10 ಸಾವಿರ, ಹುಡುಗಿಯರಿಗೆ 11 ಸಾವಿರ ಅಂತ ಇಟ್ಟಿದ್ದರು. ನಾನು ಖುಷಿಯಿಂದ ಹೋದೆ. ಪಹಣಿ ಯಾರ ಹೆಸರಲ್ಲಿದೆ ಅಂದರು. ನಮ್ಮಪ್ಪನ ಹೆಸರಲ್ಲಿ ಅಂದೆ. ಅಪ್ಪ ತೀರಿಕೊಂಡು ಆರು ವರ್ಷ ಆಗಿತ್ತು, ಪೌತಿ ಖಾತೆ ಮಾಡಿಸಿರಲಿಲ್ಲ. ನನ್ನ ಹೆಸರಿನಲ್ಲಿ ಜಮೀನಿಲ್ಲ ಅಂದಮೇಲೆ ರೈತ ನೋಂದಣಿಯ ಫ್ರೂಟ್ಸ್ ಐಡಿ ಇಲ್ಲ, ಐಡಿ ಇಲ್ಲ ಅಂದಮೇಲೆ ವಿದ್ಯಾನಿಧಿ ಇಲ್ಲ. ಮೂವರು ಅಣ್ಣ ತಮ್ಮಂದಿರು ಕೂತು ಖಾತೆ ಮಾಡಿಕೊಳ್ಳುವ ಹೊತ್ತಿಗೆ ಮಗ ಮೂರನೇ ವರ್ಷ.

ಕಡೂರು ಕಿರಾಣಿ | ಜೂನ್ 9, ಮಧ್ಯಾಹ್ನ 2:05

ಅಯ್ಯೋ, ನಮ್ಮದೂ ಅದೇ ಕಥೆ. ಅಪ್ಪ ಗಟ್ಟಿಮುಟ್ಟಾಗಿದ್ದಾರೆ, ದೇವರು ಚೆನ್ನಾಗಿಟ್ಟಿರಲಿ. ಖಾತೆ ಮಾತು ಎತ್ತಿದರೆ "ನಾನು ಇನ್ನೂ ಇದೀನಿ" ಅಂತಾರೆ.

ಎಡಿಸನ್ ಕನ್ನಡಿಗ | ಜೂನ್ 9, ಸಂಜೆ 5:45

ನ್ಯೂಜೆರ್ಸಿಯಿಂದ. ನನ್ನ ಮಗನೂ ಈ ವರ್ಷ ಕಾಲೇಜಿಗೆ. ಇಲ್ಲಿ ಕಾಲೇಜು ನೆರವಿಗೆ ಫಾಫ್ಸಾ ಅಂತ ಒಂದೇ ಅರ್ಜಿ. ಅದರಿಂದ ಒಂದು ಸಂಖ್ಯೆ ಬರುತ್ತದೆ. ಮೊದಲು ಅದನ್ನು ಕುಟುಂಬ ಕೊಡಬಹುದಾದ ಮೊತ್ತ ಅಂತ ಕರೆಯುತ್ತಿದ್ದರು, 2024-25ರಿಂದ ಸ್ಟೂಡೆಂಟ್ ಏಡ್ ಇಂಡೆಕ್ಸ್ ಅಂತಾರೆ. ಅದು ಮೈನಸ್ 1,500ರವರೆಗೂ ಇಳಿಯಬಹುದು. ಸಂಖ್ಯೆ ಕಮ್ಮಿ ಇದ್ದಷ್ಟೂ ನೆರವಿನ ಅರ್ಹತೆ ಜಾಸ್ತಿ. ಅರ್ಜಿಗೆ ಮೊದಲೇ ಅಂದಾಜು ನೋಡಲು ಕಾಲೇಜುಗಳು ತಮ್ಮ ಜಾಲತಾಣದಲ್ಲಿ ಕ್ಯಾಲ್ಕುಲೇಟರ್ ಇಡಬೇಕು ಅಂತ 2011ರಿಂದ ಕಾನೂನೇ ಇದೆ. ನಮ್ಮಲ್ಲಿ ಇಂಥದ್ದು ಇಲ್ವಾ?

ತೋಟದ ಮಾತು ಬಂತು ಅಂತ ಹೇಳುತ್ತೇನೆ. ಇಲ್ಲಿ ನಾವು ವಾಸ ಮಾಡುವ ಮನೆಯನ್ನು ಫಾಫ್ಸಾ ಲೆಕ್ಕಕ್ಕೆ ಹಿಡಿಯಲ್ಲ. ಆದರೆ ಮೈಸೂರಿನಲ್ಲಿ ನನ್ನ ಹೆಸರಿನ ಒಂದು ಸೈಟು ಹುಲ್ಲು ಬೆಳೆದುಕೊಂಡು ಬಿದ್ದಿದೆ ನೋಡಿ, ಅದನ್ನು ಆಸ್ತಿ ಅಂತ ತೋರಿಸಲೇಬೇಕು. ಎಚ್-1ಬಿ ಕೆಲಸದ ವೀಸಾದಲ್ಲಿ ಇದ್ದಷ್ಟು ದಿನ ಈ ತಲೆನೋವೇ ಇರಲಿಲ್ಲ, ಯಾಕಂದರೆ ಕೇಂದ್ರದ ನೆರವಿಗೆ ಅರ್ಹತೆಯೇ ಇರಲಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಅರ್ಹತೆಯೂ ಬಂತು, ಸೈಟಿನ ಲೆಕ್ಕವೂ ಬಂತು.

ಅರಸೀಕೆರೆ ಟೀಚರ್ | ಜೂನ್ 9, ಸಂಜೆ 6:20

ಎಡಿಸನ್ ಅವರೇ, ನಮ್ಮಲ್ಲಿ ಅಂಥ ಒಂದೇ ಸಂಖ್ಯೆ ಇಲ್ಲ. ಇಲ್ಲಿ ಹತ್ತು ಬಾಗಿಲು, ಒಂದೊಂದಕ್ಕೂ ಬೇರೆ ಬೀಗ. ಒಂದಕ್ಕೆ 1 ಲಕ್ಷ, ಒಂದಕ್ಕೆ 2.5, ಒಂದಕ್ಕೆ 4.5, ಒಂದಕ್ಕೆ 8. ಹಾಗಾಗಿ ನಾವೇ ಕ್ಯಾಲ್ಕುಲೇಟರ್ ಆಗಬೇಕು.

ಕಡೂರಿನವರೇ, ನಿಮ್ಮ 4.22ಕ್ಕೆ ತೆರೆಯುವ ಬಾಗಿಲು ಎರಡು ನನಗೆ ಕಾಣುತ್ತಿವೆ. ಎರಡೂ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿವೆ, ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿಯಲ್ಲಿ ಅಲ್ಲ.

ಒಂದು, ಕೇಂದ್ರದ ಕಾಲೇಜು ವಿದ್ಯಾರ್ಥಿವೇತನ. ಆದಾಯ 4.5 ಲಕ್ಷದ ಒಳಗೆ. ಪಿಯುಸಿಯಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು. ಇದು ಶೇ 80 ಅಂಕ ಅಲ್ಲ! ಪ್ರತಿ ವರ್ಷ ಇಲ್ಲೇ ಎಡವುತ್ತಾರೆ. ವಿಜ್ಞಾನದಲ್ಲಿ ಪಾಸಾದವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಮೇಲಿನ ಐದನೇ ಒಂದು ಪಾಲಿನಲ್ಲಿ ಇರಬೇಕು ಅಂತ ಅರ್ಥ. 564 ಅಂದರೆ ಧೈರ್ಯವಾಗಿರಬಹುದು. ಮೊದಲ ಮೂರು ವರ್ಷ 12 ಸಾವಿರ, ಬಿಇ ನಾಲ್ಕನೇ ವರ್ಷ 20 ಸಾವಿರ. ಒಟ್ಟು 56 ಸಾವಿರ. ಇಡೀ ದೇಶಕ್ಕೆ ವರ್ಷಕ್ಕೆ 82 ಸಾವಿರ ಹೊಸ ವಿದ್ಯಾರ್ಥಿವೇತನ, ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆ. ಪ್ರತಿ ವರ್ಷ ನವೀಕರಿಸಬೇಕು, ಶೇ 50 ಅಂಕ, ಶೇ 75 ಹಾಜರಾತಿ ಬೇಕು.

ಎರಡು, ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ. ಹೆಣ್ಣುಮಕ್ಕಳಿಗೆ ಮಾತ್ರ, ಒಂದು ಮನೆಯಿಂದ ಇಬ್ಬರವರೆಗೆ. ಆದಾಯ 8 ಲಕ್ಷದ ಒಳಗೆ. ವರ್ಷಕ್ಕೆ 50 ಸಾವಿರ, ನಾಲ್ಕು ವರ್ಷಕ್ಕೆ 2 ಲಕ್ಷ. ದೊಡ್ಡ ಮೊತ್ತ. ಆದರೆ ಪದವಿಗೆ ದೇಶಕ್ಕೆಲ್ಲ ಸೇರಿ 5 ಸಾವಿರ ಅಂತ ಇಟ್ಟಿದ್ದಾರೆ, ಅದೂ ಅಂಕದ ಮೇಲೆ. ಎರಡನ್ನೂ ಪಡೆಯುವ ಹಾಗಿಲ್ಲ, ಒಂದನ್ನು ಆರಿಸಿಕೊಳ್ಳಬೇಕು.

ಹುಬ್ಬಳ್ಳಿ ಐದನೇ ಸೆಮ್ | ಜೂನ್ 9, ರಾತ್ರಿ 8:30

ಅಂಕಲ್, ನಾನು ಈಗ ಓದುತ್ತಿರುವವಳು. ಎಲ್ಲರೂ ಎಷ್ಟು ಸಿಗುತ್ತೆ ಅಂತ ಹೇಳುತ್ತಿದ್ದಾರೆ. ಯಾವಾಗ ಸಿಗುತ್ತೆ ಅಂತ ನಾನು ಹೇಳುತ್ತೇನೆ.

ನಾನು ಎಸ್‌ಸಿ. ನಮ್ಮ ಮನೆ ಆದಾಯ 1.8 ಲಕ್ಷ, ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನದ ಮಿತಿ 2.5 ಲಕ್ಷ. ಕಾಗದದ ಮೇಲೆ ಎಲ್ಲ ಸರಿ. ಆದರೆ ಸೇರುವ ದಿನ ಕಾಲೇಜಿನವರು "ಪೂರ್ತಿ ಕಟ್ಟಿ, ಬಂದ ಮೇಲೆ ನಿಮ್ಮ ಖಾತೆಗೇ ಬರುತ್ತಲ್ಲ" ಅಂದರು. ಅಪ್ಪ ಬಡ್ಡಿಗೆ ತಂದು ಕಟ್ಟಿದರು. ಈಗ ಕೇಂದ್ರದ್ದು 60, ರಾಜ್ಯದ್ದು 40 ಪಾಲು ರೀ. ಎರಡೂ ಬೇರೆ ಬೇರೆ ದಿನ ಬರುತ್ತವೆ. ನನಗೆ ಮೊದಲನೇ ವರ್ಷದ ದುಡ್ಡಿನ ಕೊನೆಯ ಕಂತು ಬಂದಿದ್ದು ಮುಂದಿನ ಮೇ ತಿಂಗಳಲ್ಲಿ. ಎರಡನೇ ಸೆಮ್ ಪರೀಕ್ಷೆ ಹತ್ತಿರ ಬಂದಿತ್ತು.

ಆ ಮಧ್ಯೆ ಒಂದು ತಮಾಷೆ. ಎಸ್‌ಎಸ್‌ಪಿಯಲ್ಲಿ ಹಣ ಜಮಾ ಆಗಿದೆ ಅಂತ ತೋರಿಸುತ್ತಿತ್ತು. ಪಾಸ್‌ಬುಕ್‌ನಲ್ಲಿ ಇಲ್ಲ. ಬ್ಯಾಂಕಿಗೆ ಮೂರು ಸಲ ಹೋದೆ. ಕೊನೆಗೆ ಗೊತ್ತಾಯಿತು, ಹೊಸ ಸಿಮ್ ತಗೊಂಡಾಗ ಅಂಗಡಿಯವನು ಹೆಬ್ಬೆಟ್ಟು ಒತ್ತಿಸಿಕೊಂಡು ಒಂದು ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದಿದ್ದ. ಆಧಾರ್ ಅದಕ್ಕೆ ಜೋಡಣೆಯಾಗಿತ್ತು, ದುಡ್ಡು ಅಲ್ಲಿ ಆರಾಮಾಗಿ ಕೂತಿತ್ತು. ಆಧಾರ್ ಕೊನೆಯದಾಗಿ ಯಾವ ಖಾತೆಗೆ ಸೀಡ್ ಆಗಿದೆಯೋ ಅಲ್ಲಿಗೇ ಹೋಗುತ್ತೆ. ನಿಮ್ಮ ಮಗಳದ್ದು ಈಗಲೇ ನೋಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರೂ ಆಧಾರ್ ಹೆಸರೂ ಒಂದೇ ಇದೆಯಾ, ಇನಿಷಿಯಲ್ ಸಮೇತ, ಅದನ್ನೂ ನೋಡಿ.

ಕಡೂರು ಕಿರಾಣಿ | ಜೂನ್ 9, ರಾತ್ರಿ 9:00

ತಾಯಿ, ಇದು ಯಾರೂ ಹೇಳಿರಲಿಲ್ಲ. ಮಗಳಿಗೆ ಓದಿ ಹೇಳಿದೆ. ಅವಳ ಆಧಾರ್‌ನಲ್ಲಿ ಇನಿಷಿಯಲ್ ಮುಂದಿದೆ, ಅಂಕಪಟ್ಟಿಯಲ್ಲಿ ಹಿಂದಿದೆ. ನಾಳೆಯೇ ಹೋಗುತ್ತೇವೆ.

ರಿಟೈರ್ಡ್ ಮ್ಯಾನೇಜರ್ | ಜೂನ್ 9, ರಾತ್ರಿ 9:40

ಹೇಳಿದ ಹಾಗೆ ಬಂದೆ. ಹುಬ್ಬಳ್ಳಿಯ ಹುಡುಗಿ ಹೇಳಿದ್ದು ನೂರಕ್ಕೆ ನೂರು. ಸೀಟು ಹಂಚಿಕೆ ಆದಮೇಲೆ ಚಲನ್ ಕಟ್ಟಲು ಸಿಗುವುದು ಬೆರಳೆಣಿಕೆಯ ದಿನ. ಇದೇ ಸೀಟು ಸಾಕು ಅಂತ ಚಾಯ್ಸ್ ಒಂದು ಒತ್ತಿದರೂ ಕಟ್ಟಬೇಕು, ಇದು ಇರಲಿ, ಮುಂದಿನ ಸುತ್ತಿಗೂ ಕಾಯುತ್ತೇವೆ ಅಂತ ಎರಡು ಒತ್ತಿದರೂ ಕಟ್ಟಬೇಕು. ಸ್ಕಾಲರ್‌ಶಿಪ್ ಅರ್ಜಿಯನ್ನು ಹಾಕುವುದೇ ಕಾಲೇಜು ಸೇರಿದ ಮೇಲೆ. ಆದ್ದರಿಂದ ಹಾಳೆಯಲ್ಲಿ ಎರಡು ಸಾಲು ಮಾಡಿ. ಒಂದು ನಿಂತ ಕಾಸು, ಅಂದರೆ ಖಚಿತವಾದ ದುಡ್ಡು, ಇನ್ನೊಂದು ಬಂದರೆ ಬಂತು. ಮೊದಲ ವರ್ಷದ ಖರ್ಚು ಪೂರ್ತಿ ಮೊದಲ ಸಾಲಿನಿಂದಲೇ ಏಳಬೇಕು. ಏಳದಿದ್ದರೆ ಆ ಕಾಲೇಜು ಪಟ್ಟಿಯಲ್ಲಿ ಕೆಳಗೆ ಹೋಗಲಿ.

ಈಗ ಸಾಲ. 4 ಲಕ್ಷದವರೆಗೆ ಅಡಮಾನವೂ ಬೇಡ, ನಿಮ್ಮ ಕೈಯಿಂದ ಮಾರ್ಜಿನ್ನೂ ಬೇಡ. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ತೆಗೆದುಕೊಂಡಿರಿ ಅಂತ ಇಟ್ಟುಕೊಳ್ಳಿ. ಬಡ್ಡಿ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ಲೆಕ್ಕ ಸುಲಭ ಆಗಲಿ ಅಂತ ಶೇ 10 ಹಿಡಿಯುತ್ತೇನೆ. ಓದುವ ನಾಲ್ಕು ವರ್ಷ, ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಓಡುತ್ತಿರುತ್ತದೆ, ಸರಳ ಬಡ್ಡಿ. ಮೊದಲ ಲಕ್ಷಕ್ಕೆ ಐದು ವರ್ಷದ್ದು 50 ಸಾವಿರ, ಎರಡನೇದಕ್ಕೆ 40, ಮೂರನೇದಕ್ಕೆ 30, ನಾಲ್ಕನೇದಕ್ಕೆ 20. ಒಟ್ಟು 1.4 ಲಕ್ಷ. ಅಂದರೆ ಕಂತು ಶುರುವಾಗುವ ದಿನ ನಿಮ್ಮ ಸಾಲ 4 ಅಲ್ಲ, 5.4 ಲಕ್ಷ.

ಇಲ್ಲಿ ಬರುತ್ತದೆ ನಿಮ್ಮ ಆದಾಯದ ಆಟ. ಕುಟುಂಬದ ಆದಾಯ 4.5 ಲಕ್ಷದ ಒಳಗಿದ್ದು, ವೃತ್ತಿಪರ ಅಥವಾ ತಾಂತ್ರಿಕ ಕೋರ್ಸ್ ಆಗಿದ್ದರೆ ಆ ಐದು ವರ್ಷದ ಬಡ್ಡಿ ಪೂರ್ತಿ ಕೇಂದ್ರ ಸರ್ಕಾರ ಭರಿಸುವ ಯೋಜನೆ ಇದೆ. ನಿಮಗೆ ಪೂರ್ತಿ 1.4 ಲಕ್ಷ ಉಳಿತಾಯ. 4.5 ದಾಟಿ 8 ಲಕ್ಷದ ಒಳಗಿದ್ದರೆ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಶೇ 3 ರಿಯಾಯಿತಿ. ಅದೇ ಸಾಲಕ್ಕೆ 42 ಸಾವಿರ. ಎಲ್ಲಿ 1.4 ಲಕ್ಷ, ಎಲ್ಲಿ 42 ಸಾವಿರ! ಅದೂ 2024ರ ನವೆಂಬರ್‌ನಲ್ಲಿ ಸಂಪುಟ ಒಪ್ಪಿದಾಗ ಆ ಯೋಜನೆಗೆ ಅಂತ ಗುರುತಿಸಿದ್ದು 860 ಸಂಸ್ಥೆ ಮಾತ್ರ. ನೀವು ನೋಡುತ್ತಿರುವ ಕಾಲೇಜು ಪಟ್ಟಿಯಲ್ಲಿ ಇಲ್ಲದಿದ್ದರೆ ಅದೂ ಇಲ್ಲ. ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯುವವರಿಗೂ ಆ ಶೇ 3 ಇಲ್ಲ.

ಪೂರ್ತಿ ಬಡ್ಡಿಯ ಯೋಜನೆಗೆ ಕಾಲೇಜಿಗೆ ಗುಣಮಟ್ಟದ ಮಾನ್ಯತೆಯಾದ ನ್ಯಾಕ್ ಇರಬೇಕು ಅಥವಾ ಕೋರ್ಸಿಗೆ ಅಂಥದ್ದೇ ಮಾನ್ಯತೆಯಾದ ಎನ್‌ಬಿಎ ಇರಬೇಕು. ಎನ್‌ಬಿಎ ಕೊಡುವುದು ಬ್ರಾಂಚಿಗೆ, ಕಾಲೇಜಿಗಲ್ಲ. ಗೇಟಿನ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ, ಒಳಗೆ ಹೋಗಿ ನೋಡಿದರೆ ಸಿವಿಲ್‌ಗೆ ಇರುತ್ತೆ, ಮಗಳು ಸೇರುವ ಬ್ರಾಂಚಿಗೆ ಇರಲ್ಲ.

ಸುಮ್ನೆ ಕೇಳ್ದೆ | ಜೂನ್ 9, ರಾತ್ರಿ 9:58

ಮ್ಯಾನೇಜರ್ ಸರ್, ಹಾಗಾದರೆ ತೆಂಗು ಸೇರಿಸಿದರೆ 4.5 ದಾಟಿ ಬಿಡ್ತು ಅಲ್ವಾ? ಒಂದು ಗಿಡದ ಕಾಯಿಗೆ ಒಂದು ಲಕ್ಷ ಕೈ ಬಿಟ್ಟ ಹಾಗೆ. ಈಗಲೂ ನಿಜ ಹೇಳು ಅಂತೀರಾ?

ರಿಟೈರ್ಡ್ ಮ್ಯಾನೇಜರ್ | ಜೂನ್ 9, ರಾತ್ರಿ 10:10

ನಿಜ ಏನು ಅಂತ ಮೊದಲು ಗೊತ್ತಾಗಲಿ. ತೋಟದ ದುಡ್ಡು ಯಾರ ಕೈಗೆ ಹೋಗುತ್ತದೆ?

ಕಡೂರು ಕಿರಾಣಿ | ಜೂನ್ 9, ರಾತ್ರಿ 10:25

ಅಪ್ಪನ ಕೈಗೆ ಸರ್. ಪಹಣಿ ಅವರದು, ಕೊಬ್ಬರಿ ಮಾರುವುದೂ ಅವರೇ, ಖಾತೆಯೂ ಅವರದೇ. ಅವರು ತಮ್ಮನ ಮನೆಯಲ್ಲಿದ್ದಾರೆ, ರೇಷನ್ ಕಾರ್ಡೂ ಬೇರೆ. ಔಷಧಿ, ಜಾತ್ರೆ, ಮೊಮ್ಮಕ್ಕಳಿಗೆ ಬಟ್ಟೆ ಎಲ್ಲ ಅವರದೇ ಖರ್ಚು. ನಮಗೆ ಬರುವುದು ಸಾರಿಗೆ ಬೇಕಾದ ಕಾಯಿ ಮಾತ್ರ.

ರಿಟೈರ್ಡ್ ಮ್ಯಾನೇಜರ್ | ಜೂನ್ 9, ರಾತ್ರಿ 10:31

ಹಾಗಿದ್ದರೆ ಇದನ್ನೇ ಗ್ರಾಮ ಆಡಳಿತಾಧಿಕಾರಿಯ ಮುಂದೆ ಹೇಳಿ. ರಿಟರ್ನ್ ಪ್ರತಿ, ಹೆಂಡತಿಯ ಸಂಬಳದ ಚೀಟಿ, ತೋಟದ ಪಹಣಿ ಮೂರನ್ನೂ ನೀವಾಗಿ ಕೊಡಿ. ಏನು ಬರೆಯುತ್ತಾರೋ ಅದು ಅವರ ತೀರ್ಮಾನ. ನೀವು ಬಚ್ಚಿಟ್ಟಿದ್ದು ಏನೂ ಇರುವುದಿಲ್ಲ.

ಅಲೆದು ಸಾಕಾದವ | ಜೂನ್ 10, ಬೆಳಿಗ್ಗೆ 8:00

ನಾಡಕಚೇರಿಗೆ ಸೋಮವಾರ ಹೋಗಬೇಡಿ. ಕ್ಯೂ ಮುಖ್ಯರಸ್ತೆಗೆ ಬಂದಿರುತ್ತೆ. ಹೊಸ ಆರ್‌ಡಿ ಬಂದಮೇಲೆ ಅದನ್ನೇ ಎಲ್ಲಾ ಕಡೆ ಕೊಡಿ. ಒಂದು ಕಡೆ ಹಳೇದು, ಒಂದು ಕಡೆ ಹೊಸದು ಅಂತ ಮಾಡಬೇಡಿ.

ಎಡಿಸನ್ ಕನ್ನಡಿಗ | ಜೂನ್ 10, ಬೆಳಿಗ್ಗೆ 8:40

ಖಾಸಗಿ ಟ್ರಸ್ಟ್, ಕಂಪನಿಗಳ ಸ್ಕಾಲರ್‌ಶಿಪ್ ಯಾರೂ ಹೇಳಲಿಲ್ಲವಲ್ಲ?

ಅರಸೀಕೆರೆ ಟೀಚರ್ | ಜೂನ್ 10, ಬೆಳಿಗ್ಗೆ 9:05

ಇವೆ. ರಿಲಯನ್ಸ್ ಫೌಂಡೇಶನ್ ಪದವಿ ಮೊದಲ ವರ್ಷದವರಿಗೆ ಪರೀಕ್ಷೆ ಇಟ್ಟು ಕೊಡುತ್ತದೆ, ಕೋರ್ಸ್ ಮುಗಿಯುವವರೆಗೆ ಒಟ್ಟು 2 ಲಕ್ಷದವರೆಗೆ. ಇನ್ಫೋಸಿಸ್ ಫೌಂಡೇಶನ್ನಿನ ಸ್ಟೆಮ್ ಸ್ಟಾರ್ಸ್ ಹುಡುಗಿಯರಿಗೆ, ವರ್ಷಕ್ಕೆ 1 ಲಕ್ಷದವರೆಗೆ. ಅರ್ಜಿ ಖಂಡಿತ ಹಾಕಲಿ. ಆದರೆ ಮ್ಯಾನೇಜರ್ ಸರ್ ಹೇಳಿದ ಎರಡನೇ ಸಾಲಿನಲ್ಲಿ ಬರೆದುಕೊಳ್ಳಿ. ಅರ್ಜಿಗೆ ಮೊದಲೇ ದುಡ್ಡು ಕೊಡಿ ಅಂತ ಕೇಳುವವರ ಹತ್ತಿರ ಮಾತ್ರ ಹೋಗಬೇಡಿ. ನಮ್ಮ ಕಾಲೇಜಿನ ಒಬ್ಬ ಹುಡುಗ ವಾಟ್ಸ್ಆ್ಯಪ್‌ನಲ್ಲಿ ಬಂದ ಲಿಂಕಿಗೆ 999 ಕಟ್ಟಿ ಕೂತ.

ಕಡೂರು ಕಿರಾಣಿ | ಜೂನ್ 24, ರಾತ್ರಿ 10:15

ಹೊಸ ಪ್ರಮಾಣಪತ್ರ ಬಂತು. ಗ್ರಾಮ ಆಡಳಿತಾಧಿಕಾರಿ ಅಂಗಡಿಗೇ ಬಂದು ಕೂತು ಕೇಳಿದರು. ಎಲ್ಲ ಕಾಗದ ಮುಂದಿಟ್ಟೆ. "ಇಷ್ಟು ಜಾಸ್ತಿ ಬರೆಸಿಕೊಳ್ಳುವವರು ಅಪರೂಪ ಕಣ್ರೀ" ಅಂತ ನಕ್ಕರು. 4.30 ಲಕ್ಷ ಅಂತ ಆಗಿದೆ. ತೋಟ ಸೇರಿಸಲಿಲ್ಲ.

ಈಗ ನನ್ನ ಹಾಳೆ ಹೀಗಿದೆ. ನಿಂತ ಕಾಸು: ಆರ್‌ಡಿ 1.2 ಲಕ್ಷ, ಸಾಲದ ಮೊದಲ ಕಂತು 1 ಲಕ್ಷ. ಬ್ಯಾಂಕಿನಲ್ಲಿ ಮಾತಾಡಿದೆ, ಸೀಟು ಪತ್ರ ತನ್ನಿ ಅಂದಿದ್ದಾರೆ. ಬಂದರೆ ಬಂತು: ಎಸ್‌ಎನ್‌ಕ್ಯೂ, ಪ್ರಗತಿ, ಬಡ್ಡಿ ಮಾಫಿ. ಮೊದಲ ಸಾಲಿನ 2.2 ಲಕ್ಷದಲ್ಲಿ ಮೊದಲ ವರ್ಷದ 1.85 ಏಳುತ್ತದೆ. ಎರಡನೇ ವರ್ಷಕ್ಕೆ ಬೇಕಾದ 1.85ರಲ್ಲಿ ಸಾಲದ 1 ಲಕ್ಷ, ಇಲ್ಲಿ ಉಳಿಯುವ 35 ಸಾವಿರ ತೆಗೆದರೆ ಇನ್ನೂ 50 ಸಾವಿರ ಬೇಕು. ಅದನ್ನು ಅಂಗಡಿಯಿಂದ ತಿಂಗಳಿಗೆ ನಾಲ್ಕು ಸಾವಿರದ ಮೇಲೆ ಎತ್ತಿಡಬೇಕು. ಹೆಂಡತಿ ಆಗುತ್ತೆ ಅಂತಾಳೆ.

ಮೈಸೂರಿನ ಒಂದು ಕಾಲೇಜಿನಲ್ಲಿ ಫೀಸೂ ಹಾಸ್ಟೆಲ್ಲೂ ಜಾಸ್ತಿ. ಅದನ್ನು ಪಟ್ಟಿಯಲ್ಲಿ ಕೆಳಕ್ಕೆ ಹಾಕಿದೆವು. ಮಗಳು ಒಂದು ದಿನ ಮಾತಾಡಲಿಲ್ಲ. ಆಮೇಲೆ ಅವಳೇ ಕೂತು ಎನ್‌ಬಿಎ ಪಟ್ಟಿ ತೆಗೆದು ಬ್ರಾಂಚ್ ಬ್ರಾಂಚ್ ಹುಡುಕಿದಳು. ನಾನು ಮೊದಲನೇದು ಅಂತ ಇಟ್ಟಿದ್ದ ಕಾಲೇಜಿನಲ್ಲಿ ಅವಳ ಬ್ರಾಂಚಿಗೆ ಇರಲಿಲ್ಲ, ಕಾಲೇಜಿಗೆ ನ್ಯಾಕೂ ಇರಲಿಲ್ಲ. ಅದೂ ಕೆಳಗೆ ಹೋಯಿತು.

ಹುಬ್ಬಳ್ಳಿ ಐದನೇ ಸೆಮ್ | ಜೂನ್ 24, ರಾತ್ರಿ 10:40

ಅಂಕಲ್, ಮೊದಲ ವರ್ಷದ 1.85ರಲ್ಲಿ ಪುಸ್ತಕ, ಬಸ್, ಲ್ಯಾಪ್‌ಟಾಪ್ ಇಲ್ಲ ನೋಡಿ. ಇನ್ನೊಂದು ಮೂವತ್ತು ನಲವತ್ತು ಸಾವಿರ ಇಟ್ಟುಕೊಳ್ಳಿ. ನಾನು ಲ್ಯಾಪ್‌ಟಾಪ್ ಇಲ್ಲದೆ ಎರಡು ಸೆಮ್ ಗೆಳತಿಯರ ರೂಮಿನಲ್ಲೇ ಕಳೆದೆ.

ಕಡೂರು ಕಿರಾಣಿ | ನವೆಂಬರ್ 16, ಸಂಜೆ 7:20

ಬಹಳ ಜನ ಖಾಸಗಿಯಾಗಿ ಏನಾಯ್ತು ಅಂತ ಕೇಳಿದ್ದಕ್ಕೆ ಬರೆಯುತ್ತಿದ್ದೇನೆ.

ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಸಿಕ್ಕಿತು, 3ಎ ಕೋಟಾದಲ್ಲಿ. ಎಸ್‌ಎನ್‌ಕ್ಯೂ ಸಿಗಲಿಲ್ಲ. ಚಾಯ್ಸ್ ಎರಡು ಒತ್ತಿ ಕಾದೆವು, ಎರಡನೇ ಸುತ್ತಿನಲ್ಲೂ ಅದೇ ಬಂತು. ಚಲನ್ ಆರ್‌ಡಿ ದುಡ್ಡಿನಿಂದ ಕಟ್ಟಿದೆವು. ಸಾಲ ಮಂಜೂರಾಗಿದ್ದು ಕಾಲೇಜು ಶುರುವಾಗಿ ಒಂದೂವರೆ ತಿಂಗಳ ಮೇಲೆ, ಆ ಮಧ್ಯೆ ಹಾಸ್ಟೆಲ್‌ಗೆ ಹೆಂಡತಿಯ ಬಳೆ ಬ್ಯಾಂಕಿಗೆ ಹೋಗಿ ಬಂತು. ನನ್ನ ಹಾಳೆಯಲ್ಲಿ ಬಳೆ ಇರಲಿಲ್ಲ. ಸಾಲವನ್ನು ನಿಂತ ಕಾಸಿನ ಸಾಲಿನಲ್ಲಿ ಬರೆದಿದ್ದು ನನ್ನ ತಪ್ಪು. ಮ್ಯಾನೇಜರ್ ಸರ್, ನೀವೂ ಹೇಳಲಿಲ್ಲ!

ಪ್ರಗತಿಗೆ ಅರ್ಜಿ ಹಾಕಿದ್ದೇವೆ, 12 ಸಾವಿರದ್ದನ್ನು ಬಿಟ್ಟೆವು. ಕಾಲೇಜಿನಿಂದ ಪರಿಶೀಲನೆ ಆಗಿದೆ ಅಂತ ತೋರಿಸುತ್ತಿದೆ, ಫಲಿತಾಂಶ ಬಂದಿಲ್ಲ. ಇನಿಷಿಯಲ್ ಸರಿಮಾಡಿಸಿದ್ದು ಒಳ್ಳೆಯದಾಯಿತು. ಅವಳ ತರಗತಿಯಲ್ಲೇ ಇಬ್ಬರ ಅರ್ಜಿ ಅದಕ್ಕೇ ನಿಂತಿದೆಯಂತೆ.

ರಿಟೈರ್ಡ್ ಮ್ಯಾನೇಜರ್ | ನವೆಂಬರ್ 16, ರಾತ್ರಿ 8:05

ತಪ್ಪೊಪ್ಪಿಕೊಂಡೆ. ಆ ಕಡೆ ಕುರ್ಚಿಯಲ್ಲಿ ಕೂತವನಿಗೆ ಒಂದೂವರೆ ತಿಂಗಳು ಬೇಗ ಅನಿಸುತ್ತಿತ್ತು. ಲ್ಯಾಪ್‌ಟಾಪ್ ಏನು ಮಾಡಿದಿರಿ?

ಕಡೂರು ಕಿರಾಣಿ | ನವೆಂಬರ್ 16, ರಾತ್ರಿ 8:20

ಅಪ್ಪ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಕೊಡಿಸಿದರು. ಇದನ್ನು ಆದಾಯಕ್ಕೆ ಸೇರಿಸಬೇಕಾ ಅಂತ ಮಾತ್ರ ಯಾರೂ ಕೇಳಬೇಡಿ.